ಎಸಿ ಬಿಚ್ಚಲು ಹೋದವರು

ಜೂನ್ ಬಂತೆಂದರೆ ಅಝೈಬಾದಲ್ಲಿ ವಿಲ್ಲಾಗಳು ಖಾಲಿ.
ಗುತ್ತಿಗೆ ಮುಗಿದವರು, ಕೆಲಸ ಹೋದವರು,
ಮಕ್ಕಳಿಗೆ ಬೇರೆಲ್ಲೋ ಶಾಲೆ ಸಿಕ್ಕಿದವರು.
ಭುಜಂಗ ಏಣಿ ಹೊತ್ತು ಎಸಿ ಬಿಚ್ಚಲು ಹೋಗುತ್ತಾರೆ.
ಸಂಜೆ ಪಿಕಪ್ಪಿನ ಹಿಂದೆ
ಎರಡು ಕಂಪ್ರೆಸರ್, ಒಂದು ಸುರುಳಿ ತಾಮ್ರದ ಪೈಪು,
ಮತ್ತೆ,
ನನ್ನ ಮುಖ ನೋಡದೆ ಇಳಿಸುವ ಒಂದು ನಾಯಿ.

"ಅಡುಗೆಮನೆಯಲ್ಲಿ ಕಟ್ಟಿತ್ತು ಮಾರಾಯ್ತಿ.
ಬಾಲ್ದಿ ನೀರು ಇಟ್ಟು ಹೋಗಿದ್ದಾರೆ."
ಹೋದವರ ಮೇಲೆ ಅವರಿಗೆ ಸಿಟ್ಟಿಲ್ಲ.
"ನೀರು ಇಟ್ಟಿದ್ದಾರಲ್ಲ" ಅನ್ನುತ್ತಾರೆ.

ಮೊದಲು ಬಂದದ್ದು ಓಟೋ,
ಬೆಂಚಿನ ಕಾಲು ಗರಗಸದಲ್ಲಿ ಕುಯ್ದ ಹಾಗಿರುವ ನಾಯಿ.
ಜರ್ಮನ್ನಿನಲ್ಲಿ ಹೇಳಿದರೆ ಕೂರುತ್ತಿತ್ತಂತೆ.
ನಾನು "ಕೂಕೊ" ಅಂದರೆ ಗೋಡೆ ನೋಡುತ್ತಿತ್ತು.
ಆರು ತಿಂಗಳಲ್ಲಿ ಕುಂದಾಪುರದ ಕನ್ನಡ ಬಂತು
ನನ್ನ ಮಗಳಿಗಿಂತ ಚೆನ್ನಾಗಿ.
ಈಗ ಬಾಡಿಗೆ ಕಟ್ಟುವವನು ತಾನೇ ಎಂಬಂತೆ
ಮಂಚದ ನಡುವೆ ಮಲಗುತ್ತದೆ.

ಬರ್ಕಾದ ತೋಟವೊಂದರಿಂದ ಬಂದ ಸಲೂಕಿ,
ಓಟದಲ್ಲಿ ಹಿಂಗಾಲು ಮುರಿದದ್ದು.
ಬರ್ಕ್ ಅಂದರೆ ಮಿಂಚು.
ಕುಂಟುತ್ತದೆ ಮಿಂಚು, ಪಕ್ಕೆಲುಬು ಎಣಿಸಬಹುದು.
ಊರಿಂದ ಬಂದ ನಾದಿನಿ ಕೇಳಿದಳು:
"ಅತ್ತಿಗೆ, ಇದಕ್ಕೆ ಅನ್ನ ಹಾಕುದಿಲ್ವಾ?"
ಹಾಕಿದ ಮೀನಿನ ಲೆಕ್ಕ ಹೇಳಿದರೂ ನಂಬಲಿಲ್ಲ.

ಬೊಗ್ಗಿಯನ್ನು ಯಾರೂ ಬಿಟ್ಟುಹೋದದ್ದಲ್ಲ.
ವಾದಿಯಲ್ಲಿ ನೀರು ಬಂದ ರಾತ್ರಿ
ಗೇಟಿನ ಅಡಿಯಿಂದ ತಾನೇ ನುಸುಳಿ ಬಂತು.
ತಳಿ ಯಾವುದೆಂದು ಫಾರಮ್ಮಿನಲ್ಲಿ ಖಾಲಿ ಬಿಟ್ಟಿದ್ದೆ,
ಡಾಕ್ಟರ್ ಬರೆದರು: ಸ್ಥಳೀಯ.
ಈ ಮನೆಯಲ್ಲಿ ಅದೊಂದೇ.
ಉಳಿದ ನಮಗೆಲ್ಲ
ಎರಡು ವರ್ಷಕ್ಕೊಮ್ಮೆ ಹೊಸ ಮುದ್ರೆ ಬೇಕು.

ಕೊನೆಗೆ ಹಸ್ಕಿ.
ಕೊರಳಪಟ್ಟಿಯಲ್ಲಿ ಸ್ನೆಝಾ ಎಂದಿತ್ತು,
ನಮ್ಮ ಬಾಯಲ್ಲಿ ಸ್ನೇಹ ಆಯಿತು.
ಹಿಮಕ್ಕೆಂದು ಹುಟ್ಟಿದ ಮೈ, ನಲವತ್ತಾರು ಡಿಗ್ರಿ ಬಿಸಿಲು.
ಅದರ ಕೋಣೆಗೆ ಹಳೇ ಎಸಿ ಎರಡು ಕೂಡಿಸಿ
ಹದಿನೆಂಟಕ್ಕೆ ಇಟ್ಟರು ಭುಜಂಗ.
ಎರಡನೇ ಕೋಣೆಗೂ ಓಡಿಸುವಷ್ಟು ದುಡ್ಡಿಲ್ಲದೆ
ಎಲ್ಲರೂ ಅಲ್ಲೇ ಮಲಗಿದೆವು:
ಆಗಸ್ಟಿನ ಮಸ್ಕತ್ತಿನಲ್ಲಿ
ಕಂಬಳಿ ಹೊದ್ದ ಮೆಕ್ಯಾನಿಕ್ಕಿನ ಸಂಸಾರ,
ಕಾಲ ಬಳಿ ಯಾರದೋ ಬಾಲ,
ಕತ್ತಲೆಯಲ್ಲಿ ಯಾರದೋ ಗೊರಕೆ.
ಓಟೋನದೆಂದು ಇವರು, ಇವರದೆಂದು ನಾನು.

ಬೆಳಗಿನ ನಾಲ್ಕಕ್ಕೆ ಹೊರಗೆ.
ಮೊದಲು ನಾನು ಬಗ್ಗಿ
ಅಂಗೈ ಹಿಂಬದಿ ಟಾರಿಗೊತ್ತಿ ಐದೆಣಿಸಬೇಕು.
ಸುಡಲಿಲ್ಲವೆಂದರೆ ಸವಾರಿ.
ಬರ್ಕ್ ಬೆಕ್ಕಿನ ಕಡೆ, ಓಟೋ ಕಸದ ಡಬ್ಬಿಯ ಕಡೆ,
ಸ್ನೇಹ ಮಸೀದಿ ಮುಂದಿನ ಒದ್ದೆ ಹುಲ್ಲಲ್ಲಿ ಬಿದ್ದುಕೊಂಡರೆ ಏಳುವುದಿಲ್ಲ.
ಬೊಗ್ಗಿಗೆ ಹಗ್ಗವಿಲ್ಲ, ಮುಂದೆ ಹೋಗಿ ನಿಂತು
ನಮ್ಮನ್ನು ಕಾಯುತ್ತದೆ.
ಅಷ್ಟು ದೂರದಿಂದಲೇ ದಾರಿ ದಾಟುವ ಅಜ್ಜ
ಒಂದು ದಿನ ಕೇಳಿದರು, ನಾಲ್ಕೂ ನಿಮ್ಮವೇ?
ಹೌದೆಂದೆ. ಅರಬಿಯಲ್ಲಿ ನನಗೆ ಅಷ್ಟೇ ಬರುತ್ತದೆ.

ಮೊನ್ನೆ ಫೋನು ಬಂತು, ಉದ್ದ ನಂಬರಿನಿಂದ.
ಹೆಂಗಸಿನ ದನಿ, ಮುರುಕು ಇಂಗ್ಲಿಷು.
ಎರಡು ವರ್ಷ ಹುಡುಕಿದೆ ಅಂದಳು.
ವಾಪಸ್ಸು ಕೇಳುತ್ತಾಳೆಂದು ನನ್ನ ಹೊಟ್ಟೆ ತಣ್ಣಗಾಯಿತು.
ಕೇಳಲಿಲ್ಲ.
"ಒಮ್ಮೆ ಅದರ ಕಿವಿಗೆ ಹಿಡಿಯಿರಿ" ಅಷ್ಟೇ.

ಹಿಡಿದೆ.
ಏನು ಹೇಳಿದಳೋ, ಆ ಭಾಷೆ ನನ್ನದಲ್ಲ.
ಹಾಡಿನ ಹಾಗಿತ್ತು, ನಡುವೆ ಬೈದ ಹಾಗೂ ಇತ್ತು.
ಸ್ನೇಹ ಕದಲಲಿಲ್ಲ.
ಫೋನು ಸುಮ್ಮನಾದ ಮೇಲೆ ತೆರೆಯ ಮೇಲಿನ
ನನ್ನ ಬೆವರು ನೆಕ್ಕಿತು,
ತಣ್ಣನೆ ಕೋಣೆ ಬಿಟ್ಟು ಹೊರಟು
ಬಾಗಿಲಿಗೆ ಮೂಗೊತ್ತಿ ಮಲಗಿತು,
ಕೆಳಗಿನ ಸಂದಿಯಿಂದ ಬಿಸಿಗಾಳಿ ಬಡಿಯುವಲ್ಲಿ.

ಸ್ನೆಝಾ ಎಂದು ಕರೆದೆ, ನಾಲಗೆ ತಿರುಚಿ.
ಕಿವಿ ಅಲುಗಿತು, ಅಷ್ಟೇ.
"ಹೋಯ್ ಸ್ನೇಹ, ಬಾ, ಅನ್ನ" ಅಂದಾಗ
ಎದ್ದು ಬಂದು ಅರ್ಧ ತಿಂದು
ಮತ್ತೆ ಅಲ್ಲಿಗೇ ಹೋಯಿತು.

ಬೆಳಿಗ್ಗೆ ಅದನ್ನು ದಾಟಿಕೊಂಡೇ
ಭುಜಂಗ ಏಣಿ ಹೊರಗೆ ಸಾಗಿಸಿದರು.
ಬೌಶರಿನಲ್ಲಿ ಮೂರು ವಿಲ್ಲಾ.
"ಇವತ್ತು ಬರೀ ಎಸಿ" ಅಂದರು,
ನನಗೋ, ಅದಕ್ಕೋ.